ಜೈತುನ್ ಆಪಾರ ನಾಲಗೆಯಾಗಿದ್ದ ವರ್ಷ

ಹೋದ ತಿಂಗಳು ನನ್ನ ತಂಗಿಯ ಮೊಮ್ಮಗಳು ಕೈಹಿಡಿದು ನನ್ನನ್ನು ನಮ್ಮ ಓಣಿಯ ತುದಿಯ ಹೊಸ ಅಂಗಡಿಗೆ ಕರೆದುಕೊಂಡು ಹೋದಳು. ಹೈದರಾಬಾದಿನ ಈ ಓಣಿಯಲ್ಲಿ ಮೊದಲು ಅಲ್ಲೊಂದು ಇಸ್ತ್ರಿ ಅಂಗಡಿ ಇತ್ತು. ಈಗ ಗಾಜಿನ ಬಾಗಿಲು ಬಂದಿದೆ, ಒಳಗೆ ಉದ್ದಕ್ಕೆ ಒಂದು ಮರದ ಹಲಗೆ, ಅದರ ಆಚೆ ಬರೀ ಹಬೆ.

"ಅಜ್ಜಿ, ಇದು ಜಪಾನಿನವರ ಊಟ. ರಾಮೆನ್ ಅಂತಾರ. ಕೋಳಿ ಎಲುಬು ದಿನಪೂರ್ತಿ ಕುದಿಸಿ ಸಾರು ಮಾಡ್ತಾರ. ಈ ಕಡಿ ಮಂದಿಗೆಲ್ಲ ಇವರ ಸಾರಂದ್ರ ಹುಚ್ಚು," ಅಂದಳು.

ಬಟ್ಟಲು ಬಂತು. ತಿಳಿಯಾದ ಬಂಗಾರದ ಬಣ್ಣದ ಸಾರು, ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣು, ಅಡಿಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ ಎಳೆಗಳು. ನಾನು ಚಮಚ ಮುಟ್ಟಲಿಲ್ಲ. ಮುಖ ಬಗ್ಗಿಸಿ ಹಬೆಯನ್ನೇ ಎಳೆದುಕೊಳ್ಳುತ್ತ ಕುಳಿತುಬಿಟ್ಟೆ.

"ಯಾಕಜ್ಜಿ, ಸೇರಲಿಲ್ಲೇನು?"

"ಸೇರ್ತು. ಇದನ್ನ ನಾ ರಾಯಚೂರಿನ್ಯಾಗ ಒಂದು ವರ್ಷ ದಿನಾ ಕುಡಿದೀನಿ."

ರಾಯಚೂರಿನಲ್ಲಿ, ಅದೂ ನಾನು ಹುಡುಗಿಯಾಗಿದ್ದಾಗ, ಇಂಥದ್ದೆಲ್ಲಿಂದ ಬರಬೇಕು ಎಂದು ಅವಳು ನಕ್ಕಳು. ಅವಳಿಗೆ ಅರ್ಧಂಬರ್ಧ ಹೇಳಿದೆ. ಪೂರ್ತಿ ಹೇಳಬೇಕೆನಿಸಿ ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹಿರೇಕೊಟ್ನೆಕಲ್ಲಿನಲ್ಲಿ ನಮ್ಮದು ಕುರಿ ಸಾಕುವ ಮನೆ. ನಮ್ಮ ಮನೆತನದಲ್ಲಿ ಶಿಕ್ಷಕರ ತರಬೇತಿ ಮುಗಿಸಿ ನೌಕರಿ ಹಿಡಿದ ಮೊದಲ ಹೆಣ್ಣುಮಗಳು ನಾನು. ರಾಯಚೂರಿನ ಒಂದು ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ತಾತ್ಕಾಲಿಕವಾಗಿ ಹಾಕಿದ್ದರು. ಜೂನಿನ ಮಿರಗದ ಮಳೆ ಒಂದು ಸಲ ಬಂದಂತೆ ಮಾಡಿ ಹೋಗಿತ್ತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ನನ್ನ ಟ್ರಂಕು ಹಿಡಿದುಕೊಂಡು ಅಪ್ಪ ಬಾಡಿಗೆ ಕೋಣೆ ಹುಡುಕುತ್ತ ಓಣಿ ಓಣಿ ತಿರುಗಿದ. ಒಬ್ಬಂಟಿ ಹುಡುಗಿ ಎಂದರೆ ಬಾಗಿಲು ಮುಚ್ಚುತ್ತಿದ್ದರು. ಬಾಗಿಲು ಮುಚ್ಚದವರು ಜಾತಿ ಕೇಳಿ ಮುಚ್ಚುತ್ತಿದ್ದರು. ಕೊನೆಗೆ ಕೋಟೆಯ ಹಳೇ ಗೋಡೆಗೆ ಆತುಕೊಂಡ ಒಂದು ಓಣಿಯಲ್ಲಿ, ಬೇವಿನ ಗಿಡವಿದ್ದ ಅಂಗಳದ ಮುಂದೆ, ಯಾರೋ ಹೇಳಿದ ಮನೆ ಸಿಕ್ಕಿತು.

ಬಾಗಿಲಿಗೆ ಬಂದವರು ಜೈತುನ್‌ಬಿ. ಐವತ್ತರ ಆಸುಪಾಸಿನ, ಎತ್ತರದ ಹೆಂಗಸು; ಓಣಿಗೆಲ್ಲ ಆಪಾ, ಅಂದರೆ ಅಕ್ಕ. ತಲೆಯ ಮೇಲಿನ ದುಪಟ್ಟಾ ಸರಿಪಡಿಸಿಕೊಳ್ಳುತ್ತ ನನ್ನನ್ನೊಮ್ಮೆ, ಅಪ್ಪನ ಕಂಬಳಿಯನ್ನೊಮ್ಮೆ ನೋಡಿದರು.

"ಮನ್ಯಾಗ ಯಾರ್ಯಾರು ಇರ್ತೀರವ್ವಾ?" ಅಪ್ಪ ಕೇಳಿದ.

"ನಾ ಒಬ್ಬಾಕಿ. ಮತ್ತ ನನ್ನ ಕೋಳಿ."

ಅಪ್ಪ ಆ ದಿನ ಮೊದಲ ಸಲ ನಕ್ಕ. ಹಿಂದಿನ ಕೋಣೆ ನನಗಾಯಿತು.

ಆ ಮನೆಯ ಮುಂಭಾಗವೇ ಅಂಗಡಿ. ಎರಡು ಬೆಂಚು, ಒಂದು ಮಣ್ಣಿನ ಒಲೆ, ಒಲೆಯ ಮೇಲೆ ತಾಮ್ರದ ದೊಡ್ಡ ಡೇಗು. ಅಲ್ಲಿ ಮಾರುತ್ತಿದ್ದದ್ದು ಒಂದೇ ಪದಾರ್ಥ. ಊರವರು ಅದನ್ನು ಶ್ಯಾವಿಗಿ ಶೋರ್ವಾ ಅನ್ನುತ್ತಿದ್ದರು. ಆಪಾರ ಗಂಡ ಖಾಸೀಂ ಸಾಬರು ಹರೆಯದಲ್ಲಿ ಬೊಂಬಾಯಿಯ ಬಂದರಿನಲ್ಲಿ ಕೂಲಿ ಮಾಡುತ್ತಿದ್ದಾಗ, ಅಲ್ಲೊಬ್ಬ ಚೀನಾದವನು ಕೋಳಿಯ ಸಾರಿನಲ್ಲಿ ಹಿಟ್ಟಿನ ಎಳೆ ಹಾಕಿ ಕೊಡುವುದನ್ನು ಕಂಡಿದ್ದರಂತೆ. ಊರಿಗೆ ಬಂದ ಮೇಲೆ ಅದೇ ನೆನಪಿನಲ್ಲಿ, ಮನೆಯಲ್ಲಿ ಹೊಸೆದ ಗೋಧಿ ಶ್ಯಾವಿಗೆಯನ್ನು ಜವಾರಿ ಕೋಳಿಯ ಶೋರ್ವಾದಲ್ಲಿ ಬಿಟ್ಟು ಮಾರತೊಡಗಿದರು. ಪಾಯಸದ ಶ್ಯಾವಿಗೆಯನ್ನು ಕೋಳಿ ಸಾರಿಗೆ ಹಾಕುತ್ತಾನೆ ಎಂದು ಮೊದಲು ಓಣಿಯವರು ಮೂಗು ಮುರಿದರು. ಆಮೇಲೆ ಅವರೇ ಸಂಜೆಯಾದರೆ ಬಟ್ಟಲು ಹಿಡಿದು ಬಂದರು. ನಾನು ಹೋಗುವ ಹಿಂದಿನ ವರ್ಷ ಖಾಸೀಂ ಸಾಬರು ತೀರಿಕೊಂಡಿದ್ದರು. ನಲವತ್ತನೆಯ ದಿನದ ಫಾತಿಹಾ ಮುಗಿದ ಮರುದಿನ ಆಪಾ ತಾವೇ ಒಲೆ ಹೊತ್ತಿಸಿದ್ದರು.

ಬಂದ ದಿನ ಸಂಜೆ ನನ್ನನ್ನು ಕರೆದು ಒಂದು ಪಿಂಗಾಣಿ ಬಟ್ಟಲು ಕೊಟ್ಟರು. ಕುರಿಯ ಮನೆಯವಳು ನಾನು. ಸಾರು ಎಂದರೆ ಕೆಂಪಗೆ, ಗಟ್ಟಿಯಾಗಿ, ರೊಟ್ಟಿಗೆ ಹತ್ತುವಂತಿರಬೇಕು. ಇದು ನೀರಿನಂತೆ ತಿಳಿಯಾಗಿತ್ತು. ಒಂದು ಗುಟುಕು ಕುಡಿದ ಮೇಲೆ ಮಾತ್ರ ತಲೆ ಎತ್ತಲಿಲ್ಲ. ಅದರಲ್ಲಿ ಏನೇನಿದೆ ಎಂದು ಹೆಸರು ಹಿಡಿದು ಹೇಳಲು ನನಗೆ ಆಗ ಬರುತ್ತಿರಲಿಲ್ಲ. ಬಿಸಿಲಲ್ಲಿ ತಿರುಗಿ ದಣಿದಿದ್ದ ಮೈ ತಾನಾಗಿ ಸಡಿಲವಾದದ್ದು ಮಾತ್ರ ನೆನಪಿದೆ.

ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಕೋಳಿಯ ಎಲುಬು, ಕೊರಳು, ಕಾಲು ಡೇಗಿಗೆ ಬಿದ್ದಿರುತ್ತಿದ್ದವು. ಉರಿ ಸಣ್ಣಗೆ. ಮೇಲೆ ಬರುವ ನೊರೆಯನ್ನು ಆಪಾ ಸೌಟಿನಿಂದ ತೆಗೆದು ತೆಗೆದು ಹಾಕುತ್ತಿದ್ದರು. ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿ, ಹಸಿಶುಂಠಿ, ಕೊತ್ತಂಬರಿಯ ದಂಟು, ಒಂದು ಸಣ್ಣ ಅರಿವೆಯಲ್ಲಿ ಕಟ್ಟಿದ ಮಸಾಲೆ. ನಾನು ಸಂಜೆ ಬರುವಾಗ ಓಣಿಯ ಬಾಯಲ್ಲೇ ವಾಸನೆ ಎದುರಾಗುತ್ತಿತ್ತು. ಬಿಳಿ ಅರಿವೆಯಲ್ಲಿ ಸೋಸಿ, ಬೇಯಿಸಿದ ಶ್ಯಾವಿಗೆಯ ಮೇಲೆ ಸುರಿದು, ಎಳೆ ಎಳೆಯಾಗಿ ಬಿಡಿಸಿದ ಮಾಂಸ ಉದುರಿಸಿ ಕೊಡುವುದು. ದೀಪ ಹಚ್ಚುವ ಹೊತ್ತಿಗೆಲ್ಲ ಡೇಗು ಬರಿದು.

ದಿನವೂ ಮೊದಲು ಬರುವವನು ನರಸಪ್ಪ ತಾತ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಬಾಯಲ್ಲಿ ಹಲ್ಲಿಲ್ಲ. "ದೇವರು ನನ್ನ ಸಲುವಾಗೇ ಈ ಅಂಗಡಿ ಇಟ್ಟಾನ," ಅನ್ನುತ್ತ ಮೂಲೆಯ ಜಾಗ ಹಿಡಿಯುತ್ತಿದ್ದ.

ಶುಕ್ರವಾರ ಸಂಜೆ ಮಾತ್ರ ಇನ್ನೊಬ್ಬರು ಬರುತ್ತಿದ್ದರು. ಖಾಸೀಂ ಸಾಬರ ತಮ್ಮ ಗಫೂರ್ ಸಾಬರು. ಹತ್ತಿ ಬಜಾರಿನ ಅಡತಿ ದಲಾಲರ ಅಂಗಡಿಯಲ್ಲಿ ಅವರಿಗೆ ಕೆಲಸ. ನಮಾಜು ಮುಗಿಸಿ ಬಂದು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು. ಒಳಗೆ ಬರುತ್ತಿರಲಿಲ್ಲ, ಶೋರ್ವಾ ಕುಡಿಯುತ್ತಿರಲಿಲ್ಲ. ಪ್ರತಿ ವಾರ ದಖನಿ ಉರ್ದುವಿನಲ್ಲಿ ಅದೇ ಮಾತು, ಆಪಾ ಆಮೇಲೆ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು.

"ಭಾಭಿ, ಸಾಕು ಮಾಡ್ರಿ. ನಮ್ಮ ಮನಿಗೆ ಬರ್ರಿ. ನಮ್ಮ ಮನಿ ಹೆಣ್ಣುಮಗಳು ಬೀದ್ಯಾಗ ಕುಂತು ಮಂದಿಗೆ ಸೌಟು ಹಿಡಿತಾಳ ಅಂತ ಬಜಾರದಾಗ ಮಾತಾಡ್ತಾರ."

"ನೋಡೋಣು ಮಿಯಾ," ಎಂದು ಆಪಾ ಒಲೆಯ ಕಡೆ ತಿರುಗುತ್ತಿದ್ದರು.

ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಅತ್ತಿಗೆಯನ್ನು ಕಡೆಗಣಿಸಿದ ಎಂಬ ಹೆಸರು ತನಗೆ ಬರಬಾರದು ಎಂಬ ಸಂಕಟ ಅವರಿಗಿತ್ತು. ಆಪಾರ ಸಂಕಟ ಬೇರೆಯಾಗಿತ್ತು. ಒಂದು ದಿನ ಕೋಳಿಗೆ ನುಚ್ಚು ಹಾಕುತ್ತ ನನಗೆ ಹೇಳಿದರು: "ಗಫೂರ್ ಮನ್ಯಾಗ ನನ್ನ ಭಾಳ ಛಲೋ ನೋಡ್ಕೋತಾರ ಮಾಳು. ಮೂಲ್ಯಾಗ ಕುಂಡ್ರಿಸಿ, ಕೈಯಾಗ ಜಪದ ತಸಬಿ ಕೊಟ್ಟು ನೋಡ್ಕೋತಾರ. ಇಲ್ಲಿ ಸಂಜಿ ಆದ್ರ ಮಂದಿ ಬರ್ತಾರ, 'ಆಪಾ ಇವತ್ತು ಹ್ಯಾಂಗದ' ಅಂತಾರ. ಅಲ್ಲಿ ನನ್ನ ಯಾರು ಕೇಳ್ತಾರ?"

ರಂಜಾನ್ ಬಂತು. ಆ ತಿಂಗಳು ಇಫ್ತಾರಿಗೆ ಶೋರ್ವಾ ಒಯ್ಯುವವರು ಹೆಚ್ಚು, ಆದರೆ ರೋಜಾ ಇದ್ದ ಆಪಾ ಉಪ್ಪು ನೋಡುವಂತಿರಲಿಲ್ಲ. ಅವರಿಗೆ ಅದೇನೂ ತೊಂದರೆಯಾಗಿ ಕಾಣಲಿಲ್ಲ. ಡೇಗಿನ ಮುಚ್ಚಳ ಸ್ವಲ್ಪ ಸರಿಸಿ, ಕೈಯಿಂದ ಹಬೆಯನ್ನು ಮೂಗಿನ ಕಡೆ ಎಳೆದುಕೊಂಡು, "ಉಪ್ಪು ಕಡಿಮಿ ಅದ," ಅನ್ನುತ್ತಿದ್ದರು. ನಾನು ಒಂದು ಚಮಚ ಕುಡಿದು ನೋಡಿದರೆ ನಿಜವಾಗಿಯೂ ಕಡಿಮೆ ಇರುತ್ತಿತ್ತು. ಉಪ್ಪಿಗೂ ವಾಸನೆ ಇರುತ್ತದೆಯೇ ಎಂದು ಕೇಳಿದರೆ, "ಉಪ್ಪಿಗೆ ಇಲ್ಲ, ಉಪ್ಪು ಬಿದ್ದ ಶೋರ್ವಾಕ್ಕ ಅದ," ಎಂದು ನಗುತ್ತಿದ್ದರು.

ಹಬ್ಬ ಮುಗಿದ ಮೇಲೆ ಮಳೆ ಹಿಡಿಯಿತು. ಕೋಟೆಯ ಕಲ್ಲಿಗೆಲ್ಲ ಪಾಚಿ ಬಂತು, ಓಣಿಯಲ್ಲಿ ಕೆಂಪು ನೀರು. ಆ ಮಳೆಯಲ್ಲಿ ಆಪಾಗೆ ಜ್ವರ ಬಂತು. ಎಂಥ ಜ್ವರವೆಂದರೆ ಮೂರು ದುಪ್ಪಟಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿದ್ದವು. ನಾನು ರಜೆ ಹಾಕಿ ಹತ್ತಿರ ಕುಳಿತೆ. ಗಫೂರ್ ಸಾಬರ ಹೆಂಡತಿ ಗಂಜಿ ಕಳಿಸಿಕೊಟ್ಟರು. ಡಾಕ್ಟರು ಎರಡು ಸಲ ಮನೆಗೇ ಬಂದು ಹೋದರು. ಒಲೆ ತಣ್ಣಗಾಗಿ, ಅದರ ಬೂದಿಯಲ್ಲಿ ಬೆಕ್ಕು ಮಲಗತೊಡಗಿತು.

ಜ್ವರ ಇಳಿದು, ಎದ್ದು ಓಡಾಡುವಂತಾದ ಮೇಲೆ ಆಪಾ ಮಾಡಿದ ಮೊದಲ ಕೆಲಸ ಡೇಗು ಏರಿಸಿದ್ದು. ಸಂಜೆ ಮಾಮೂಲಿನ ಮಂದಿಯೆಲ್ಲ ಬಂದರು. ನರಸಪ್ಪ ತಾತ ಒಂದು ಗುಟುಕು ಕುಡಿದು ಬಟ್ಟಲನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. ಉಳಿದವರೂ ಮುಖ ಮುಖ ನೋಡಿಕೊಂಡರು. ನಾನು ಒಳಗೆ ಹೋಗಿ ಸೌಟಿನಲ್ಲಿ ಸ್ವಲ್ಪ ತೆಗೆದು ನೋಡಿದೆ. ನಾಲಗೆ ಸುಡುವಷ್ಟು ಉಪ್ಪು, ಮೇಲೆ ಶುಂಠಿಯ ಘಾಟು.

"ಆಪಾ, ಉಪ್ಪು ಎರಡು ಸಲ ಬಿದ್ದಿರಬೇಕ್ರಿ," ಎಂದೆ ಮೆಲ್ಲಗೆ.

ಆಪಾ ನನ್ನನ್ನೇ ನೋಡಿದರು. ಆಮೇಲೆ ತಾವೂ ಒಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು, ನುಂಗಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

ಬಂದವರಿಗೆ ಇನ್ನೂ ಜ್ವರದ ನಿಶ್ಶಕ್ತಿ ಇದೆ ಎಂದು ಹೇಳಿ ಕಳಿಸಿದೆವು. ಬಾಗಿಲು ಹಾಕಿದ ಮೇಲೆ ಆಪಾ ಗೂಡಿನಿಂದ ಒಂದು ಸಣ್ಣ ಸೀಸೆ ತಂದರು. ಖಾಸೀಂ ಸಾಬರ ಅತ್ತರು. ಪ್ರತಿ ಶುಕ್ರವಾರ ಅದರ ಬಿರಟೆ ತೆಗೆದು ಒಮ್ಮೆ ಮೂಸಿ ಇಡುವುದನ್ನು ನಾನು ನೋಡಿದ್ದೆ. ಈಗ ಬಿರಟೆ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು.

"ಇದರಾಗ ವಾಸನಿ ಅದ ಏನು ಮಾಳು?"

"ಅದ ಆಪಾ. ಗಮ್ಮಂತ ಅದ."

"ನನಗ ಬರವಲ್ದು," ಅಂದರು. "ಜ್ವರದಾಗ ಬಾಯಿ ಕೆಟ್ಟಿರ್ತದ ಅಂತ ತಿಳಿದಿದ್ದೆ. ಮುಂಜಾನಿಂದ ನೋಡಾಕತ್ತೀನಿ. ಉಳ್ಳಾಗಡ್ಡಿ ಸುಟ್ರೂ ಇಲ್ಲ, ಸೀಮಿಎಣ್ಣಿ ಮೂಸಿದ್ರೂ ಇಲ್ಲ. ಬಾಯಾಗ ಏನು ಇಟ್ರೂ ಅರಿವಿ ಚೂರು ಇಟ್ಟಂಗ ಅದ."

ಸೀಸೆಯನ್ನು ಮುಚ್ಚದೆ ಹಾಗೇ ಹಿಡಿದುಕೊಂಡು ಬಹಳ ಹೊತ್ತು ಕುಳಿತರು. ಅಳಲಿಲ್ಲ.

ಡಾಕ್ಟರನ್ನು ಕೇಳಿದೆವು. ಬಂದರೆ ತಾನಾಗೇ ಬರುತ್ತದೆ, ಬಾರದೆಯೂ ಇರಬಹುದು, ಇದಕ್ಕೆ ಔಷಧವಿಲ್ಲ ಎಂದರು. ದವಾಖಾನೆಯಿಂದ ಬರುವಾಗ ಆಪಾ ದಾರಿಯಲ್ಲಿ ನಿಂತು ನನ್ನ ಕೈ ಹಿಡಿದುಕೊಂಡರು. "ಗಫೂರ್‌ಗ ಗೊತ್ತಾಗಬಾರದು. ಗೊತ್ತಾದ್ರ ನಾಳೆನ ಬೀಗ ಹಾಕ್ತಾನ. ನಿನ್ನ ನಾಲಿಗಿ ನನಗ ಕೊಡ್ತೀ ಏನು ಬೇಟಿ?"

ಅಂದಿನಿಂದ ನಾನು ಶಾಲೆ ಬಿಟ್ಟ ಕೂಡಲೇ ಓಡುತ್ತಿದ್ದೆ. ಸೋಸುವ ಮೊದಲು ಒಂದು ಸಲ, ಸೋಸಿದ ಮೇಲೆ ಒಂದು ಸಲ ಕುಡಿದು ಹೇಳಬೇಕು. ಮೊದಮೊದಲು ನನಗೆ "ಛಲೋ ಅದ", "ಅಷ್ಟು ಛಲೋ ಇಲ್ಲ" ಎಂಬೆರಡು ಮಾತು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಆಪಾ ಬಿಡುತ್ತಿರಲಿಲ್ಲ. "ಎಲ್ಲಿ ಛಲೋ ಇಲ್ಲ? ನಾಲಿಗಿ ತುದಿಗೇನು, ಗಂಟಲಾಗೇನು? ಕುಡಿದ ಮ್ಯಾಲ ಬಾಯಾಗ ಏನು ಉಳಿತದ?" ಎಂದು ಒಂದೊಂದೇ ಕೇಳುತ್ತಿದ್ದರು. ಕಣ್ಣು ಮುಚ್ಚಿಕೊಂಡು ಉತ್ತರ ಹುಡುಕುತ್ತಿದ್ದೆ. ಸುಟ್ಟ ಉಳ್ಳಾಗಡ್ಡಿ ಕಹಿಯಾಗಿದೆ, ಶುಂಠಿ ಮುಂದೆ ಬಂದು ನಿಂತಿದೆ, ಎಲುಬಿನ ಸವಿ ಇನ್ನೂ ಬಿಟ್ಟಿಲ್ಲ. ಹೀಗೆ ಹೇಳಲು ಕಲಿತೆ. ಆಪಾ ನನ್ನ ಮುಖ ನೋಡುತ್ತಲೇ ಚಿಟಿಕೆ ಉಪ್ಪು ಹಾಕಿ, ಮತ್ತೆ ನನ್ನ ಮುಖ ನೋಡುತ್ತಿದ್ದರು. ನನ್ನ ಹುಬ್ಬು ಏರಿದರೆ ಕೈ ನಿಲ್ಲಿಸುತ್ತಿದ್ದರು.

ನರಸಪ್ಪ ತಾತ ಮತ್ತೆ ಬಟ್ಟಲು ಬರಿದು ಮಾಡತೊಡಗಿದ. ಅಂಗಡಿ ಉಳಿಯಿತು ಎಂದುಕೊಂಡೆವು. ಆದರೆ ಆಪಾ ತಾವು ಮಾತ್ರ ಶೋರ್ವಾ ಮುಟ್ಟುವುದನ್ನು ಬಿಟ್ಟರು. ಮೊದಲು ಎಲ್ಲರೂ ಹೋದ ಮೇಲೆ ಕೊನೆಯ ಬಟ್ಟಲು ಅವರದಾಗಿರುತ್ತಿತ್ತು. ಈಗ ಅದನ್ನೂ ನನಗೇ ಕೊಟ್ಟು, ತಾವು ರೊಟ್ಟಿಗೆ ನೀರು ಹಚ್ಚಿ ತಿಂದು ಏಳುತ್ತಿದ್ದರು. "ಗೊತ್ತಾಗದ್ದಕ್ಕ ಯಾಕ ಕೆಡಿಸೂದು," ಅನ್ನುತ್ತಿದ್ದರು.

ದಸರೆ ರಜೆಗೆ ನಾನು ಊರಿಗೆ ಹೋಗಬೇಕಾಗಿತ್ತು. ಆಪಾ ಅಷ್ಟು ದಿನ ಆದೋನಿಗೆ ಮದುವೆಯಾಗಿ ಹೋಗಿದ್ದ ಮಗಳ ಮನೆಗೆ ಹೋಗುವ ನೆಪ ಮಾಡಿ ಅಂಗಡಿ ಮುಚ್ಚಿದರು. ನಾನು ನೀರಮಾನ್ವಿಯ ಯಲ್ಲಮ್ಮನಿಗೆ ಹೋಗಿ ಕಾಯಿ ಒಡೆಸಿ, ಒಂದು ಹೆಣ್ಣುಮಗಳ ಮೂಗು ತಿರುಗಿ ಕೊಡವ್ವಾ ಎಂದು ಬೇಡಿಕೊಂಡೆ. ಯಾರ ಮೂಗು ಎಂದು ಅವ್ವ ಕೇಳಿದಳು. ಹೇಳಿದೆ. ಅವ್ವ ತಾನೂ ಒಂದು ಕಾಯಿ ಒಡೆಸಿದಳು.

ಚಳಿ ಬಿತ್ತು. ಹತ್ತಿ ಬಂಡಿಗಳು ಊರು ತುಂಬಿದವು. ಗಿರಣಿಗಳ ಕಡೆಯಿಂದ ಗಾಳಿ ಬೀಸಿದರೆ ಆಪಾರ ಬೇವಿನ ಗಿಡದ ಮೇಲೂ ಹತ್ತಿಯ ಎಳೆ ಕೂರುತ್ತಿತ್ತು. ಆ ದಿನಗಳಲ್ಲಿ ಅಪ್ಪ ನನ್ನನ್ನು ನೋಡಲು ಬಂದ. ಆಪಾ ಅವನಿಗೆ ದೊಡ್ಡ ಬಟ್ಟಲಲ್ಲೇ ಶೋರ್ವಾ ಕೊಟ್ಟರು.

"ಕುರಿ ಬಿಟ್ಟು ಕೋಳಿ ಬೆನ್ನು ಹತ್ತೀ ಏನವ್ವಾ?" ಎಂದು ನನ್ನನ್ನು ಕೀಟಲೆ ಮಾಡುತ್ತ ಒಂದು ಗುಟುಕು ಕುಡಿದ. ಇನ್ನೊಂದು ಕುಡಿದ. ಆಮೇಲೆ ಬೆರಗಿನಿಂದ ನನ್ನ ಕಡೆ ನೋಡಿದ. "ಇದು ನಿಮ್ಮವ್ವ ಮಾಡಿದಂಗ ಅದಲ್ಲ?"

ನಾನು ಹಿಗ್ಗಿದೆ. ಆಪಾಗೂ ಸಂತೋಷವಾಯಿತು. ಹೇಗೆ ಹಾಗಾಯಿತು ಎಂದು ನಾವಿಬ್ಬರೂ ಯೋಚನೆ ಮಾಡಲಿಲ್ಲ. ಏನೋ ಕಡಿಮೆ ಇದೆ ಎಂದು ನನಗೆ ಅನಿಸಿದ ದಿನ, ನಮ್ಮ ಅವ್ವ ಒಣಕೊಬ್ಬರಿ ಹುರಿದು ಹಾಕುತ್ತಾಳೆ ಎಂದಿದ್ದೆ. ಆಪಾ ಹಾಕಿದ್ದರು. ಖಾರ ಎಂದಾಗಲೆಲ್ಲ ಕಾಳುಮೆಣಸು ಕಡಿಮೆ ಮಾಡಿದ್ದರು. ಒಂದೊಂದು ಚಿಟಿಕೆ, ಒಂದೊಂದು ದಿನ.

ಹೋಳಿ ಹುಣ್ಣಿಮೆ ಕಳೆದು ಬಿಸಿಲು ಏರುವ ಹೊತ್ತಿಗೆ ನನ್ನ ಆರ್ಡರ್ ಬಂತು. ದೇವದುರ್ಗದ ಶಾಲೆಯಲ್ಲಿ ನನಗೆ ಕಾಯಂ ಹುದ್ದೆ ಸಿಕ್ಕಿತ್ತು. ಜೊತೆಯ ಟೀಚರುಗಳು ಪೇಢೆ ಕೇಳಿದರು. ನಾನು ಮನೆಗೆ ಬಂದು, ಶೋರ್ವಾ ಕುಡಿದು, ಉಪ್ಪು ಸರಿಯಾಗಿದೆ ಎಂದು ಹೇಳಿ, ಕೋಣೆಗೆ ಹೋಗಿ ಕುಳಿತೆ. ಹೇಗೆ ಹೇಳಬೇಕೋ ತಿಳಿಯಲಿಲ್ಲ. ಆಪಾ ನನ್ನ ಹಿಂದೆಯೇ ಬಂದರು.

"ಏನಾಗ್ಯದ ಹೇಳು. ನಿನ್ನ ಮುಖ ಓದೂದು ಕಲಿತೀನಿ ನಾ, ಇಷ್ಟು ದಿನ ಅದನ್ನ ಮಾಡೀನಿ."

ಹೇಳಿದೆ. ಬೇಕಾದರೆ ಆರ್ಡರ್ ಬಿಡುತ್ತೇನೆ, ಮುಂದಿನ ವರ್ಷ ನೋಡಿದರಾಯಿತು ಎಂದೂ ಹೇಳಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ನಕ್ಕೋ ಬೇಟಿ, ಬ್ಯಾಡ. ಕಂಬಳಿ ಹೊತ್ತುಕೊಂಡು ನಿಮ್ಮಪ್ಪ ಓಣಿ ಓಣಿ ತಿರುಗಿದ್ದು ನನ್ನ ಶೋರ್ವಾದ ಸಲುವಾಗಿ ಅಲ್ಲ."

ಆ ಶುಕ್ರವಾರ ಸಂಜೆ ಗಫೂರ್ ಸಾಬರು ಬಂದು ಮೆಟ್ಟಿಲ ಮೇಲೆ ನಿಂತರು. ಅತ್ತಿಗೆ ಮೈದುನ ಯಾವಾಗಲೂ ದಖನಿಯಲ್ಲೇ ಮಾತಾಡುವವರು. ಆ ದಿನ ಆಪಾ, ನನಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲೇ ಶುರುಮಾಡಿದರು.

"ಒಳಗ ಬಾ ಗಫೂರ್. ಕೂಡು. ಒಂದು ಮಾತದ."

ಅವರು ಒಳಗೆ ಬಂದರು, ಕೂರಲಿಲ್ಲ.

"ನನಗ ವಾಸನಿ ಬರಂಗಿಲ್ಲ. ಆ ಜ್ವರ ಬಂದು ಹೋದಾಗಿಂದ. ನಾಲಿಗಿಗೆ ರುಚೀನೂ ಇಲ್ಲ. ಡಾಕ್ಟರ್ ಕೈ ಬಿಟ್ಟಾರ."

ಗಫೂರ್ ಸಾಬರು ನನ್ನ ಕಡೆ ನೋಡಿದರು, ಡೇಗಿನ ಕಡೆ ನೋಡಿದರು. "ಮತ್ತ ಇಷ್ಟು ದಿನ ಇದನ್ನ ಹ್ಯಾಂಗ ಮಾಡಿದ್ರಿ?"

"ಈ ಹುಡುಗಿ ನಾಲಿಗಿ, ನನ್ನ ಕೈ. ಈಗ ಈಕಿಗೆ ದೇವದುರ್ಗಕ್ಕ ಆರ್ಡರ್ ಬಂದದ."

"ಇಷ್ಟು ದೊಡ್ಡ ಮಾತು ನನಗ ಮುಚ್ಚಿಟ್ರಿ," ಅಂದರು ಅವರು. ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು ದನಿಯಲ್ಲಿ. ಆಮೇಲೆ, "ಅಂದ್ರ ಅಲ್ಲಾನ ದಾರಿ ತೋರಿಸ್ಯಾನ. ಬಂದ್ ಮಾಡೂದ ಆಯ್ತಲ್ಲ ಭಾಭಿ," ಅಂದರು.

"ಬಂದ್ ಮಾಡಾಕ ನಿನ್ನ ಕರದಿಲ್ಲ. ಕುಡಿದು ನೋಡಂತ ಕರದೀನಿ."

ಆಪಾ ಬಟ್ಟಲು ತುಂಬಿಸಿ ಮುಂದೆ ಹಿಡಿದರು. ಗಫೂರ್ ಸಾಬರು ಕೈ ಚಾಚಲಿಲ್ಲ.

"ಭಾಯಿಜಾನ್ ಹೋದ ಮ್ಯಾಲ ನಾ ಇದನ್ನ ಬಾಯಾಗ ಇಟ್ಟಿಲ್ಲ."

"ಗೊತ್ತದ. ನೀ ಮೆಟ್ಟಲ ದಾಟಿ ಒಳಗ ಬರದೇ ಇದ್ದದ್ದು ಯಾಕಂತಾನೂ ಗೊತ್ತದ. ಅವರು ನಿಂತ ಜಾಗಾದಾಗ ನನ್ನ ನೋಡಾಕ ನಿನಗ ಆಗವಲ್ದು. ಮಂದಿ ಮಾತು ಆಮ್ಯಾಲಿಂದು."

ಹೊರಗೆ ನರಸಪ್ಪ ತಾತ ಬಂದು ಬೆಂಚಿನ ಮೇಲೆ ಕುಳಿತದ್ದು ಕೇಳಿಸಿತು. ಆಪಾರ ಕೈಯಲ್ಲಿ ಬಟ್ಟಲು ಹಬೆಯಾಡುತ್ತಲೇ ಇತ್ತು, ಅವರು ಅದನ್ನು ಹಿಂದಕ್ಕೆ ತೆಗೆಯಲಿಲ್ಲ. ಅದನ್ನು ಕಂಡೋ ಏನೋ ಗಫೂರ್ ಸಾಬರು ತಟ್ಟನೆ ಬಟ್ಟಲು ಇಸಿದುಕೊಂಡು ಕುಳಿತರು. ಊದಿ ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದು ಬಟ್ಟಲನ್ನು ಮೊಣಕಾಲ ಮೇಲಿಟ್ಟುಕೊಂಡರು.

"ಇದು ಭಾಯಿಜಾನರ ಶೋರ್ವಾ ಅಲ್ಲ."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಪಾ ಮಾತ್ರ ಮುಂದೆ ಬಗ್ಗಿದರು. "ಏನಾಗ್ಯದ? ಹೇಳು."

"ಛಲೋ ಅದ. ಛಲೋ ಇಲ್ಲ ಅನ್ನಂಗಿಲ್ಲ. ಆದ್ರ ಇದರಾಗ ಹುರಿದ ಕೊಬ್ಬರಿ ಅದ. ಭಾಯಿಜಾನ್ ಎಂದರ ಕೊಬ್ಬರಿ ಹಾಕ್ಯಾರೇನು? ಮತ್ತ ಕಾಳುಮೆಣಸು ಇಲ್ಲ ಅನ್ನಂಗ ಅದ. ಅವರು ಹುರಿದು ಕುಟ್ಟಿ, ಡೇಗು ಇಳಿಸೂ ಮುಂದ ಒಂದು ಮುಟಿಗಿ ಹಾಕ್ತಿದ್ರು. ಕುಡಿದ ಮ್ಯಾಲ ಗಂಟಲಾಗ ಬೆಚ್ಚಗ ನಿಲ್ಲತಿತ್ತು. ಚಳಿ ದಿನ ಬಜಾರದಿಂದ ಬಂದು ಕುಡಿದ್ರ..."

ಆಪಾ ನನ್ನ ಕಡೆ ತಿರುಗಿದರು. ನಾಚಿಕೆಯಿಂದ ನನ್ನ ಮುಖ ಬಿಸಿಯಾಗಿತ್ತು. ಅವರು ನಗತೊಡಗಿದರು. ಜ್ವರ ಬಂದ ಮೇಲೆ ಅವರು ಹಾಗೆ ಹೊಟ್ಟೆಯಿಂದ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಕೊಬ್ಬರಿ ಈಕಿ ಹಾಕ್ಸ್ಯಾಳ. ನಾ ಹಿರೇಕೊಟ್ನೆಕಲ್ ಸಾರು ಮಾರಾಕತ್ತೀನಿ, ನನಗ ಗೊತ್ತಿಲ್ಲ."

ಗಫೂರ್ ಸಾಬರಿಗೂ ನಗು ಬಂತು. ನಗುತ್ತಲೇ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಬಟ್ಟಲಲ್ಲಿ ಉಳಿದದ್ದನ್ನು ಕುಡಿದು ಎದ್ದರು. ಅಂಗಡಿಯ ಮಾತು ಎತ್ತಲಿಲ್ಲ. ಮೆಟ್ಟಿಲಿಳಿದು ಹೋದರು. ಹೊರಗೆ ನರಸಪ್ಪ ತಾತ, "ನನ್ನ ಬಟ್ಟಲು ಬರ್ತದೋ ಇಲ್ಲೋ," ಎಂದು ಕೇಳಿದ.

ಮರುದಿನ ಶನಿವಾರ. ಮಧ್ಯಾಹ್ನವೇ ಶಾಲೆ ಬಿಟ್ಟಿತ್ತು. ಆಪಾ ಸೋಸುವ ಅರಿವೆ ಹಿಂಡುತ್ತಿದ್ದರು, ನಾನು ಶ್ಯಾವಿಗೆ ಬೇಯಿಸುತ್ತಿದ್ದೆ. ಗಫೂರ್ ಸಾಬರು ಬಜಾರಿನಿಂದ ನೇರ ಬಂದಿದ್ದರು, ಅಂಗಿಯ ಮೇಲೆ, ಗಡ್ಡದ ಮೇಲೆಲ್ಲ ಹತ್ತಿ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಒಲೆಯ ಕಟ್ಟೆಯ ಮೇಲಿಟ್ಟರು.

"ಕಾಳುಮೆಣಸು. ಇವತ್ತು ಕೊಬ್ಬರಿ ಬ್ಯಾಡ," ಅಂದರು.

ನಾನು ಇರುವಷ್ಟು ದಿನ ಅವರು ದಿನವೂ ಬಂದರು. ಮೊದಲು ನಾನು ಕುಡಿದು ಹೇಳುವುದು, ಆಮೇಲೆ ಅವರು. ಇಬ್ಬರ ಮಾತೂ ಕೂಡದಿದ್ದಾಗ ಆಪಾ ಅವರ ಮಾತನ್ನೇ ಕೇಳುತ್ತಿದ್ದರು. ಮೊದಲ ದಿನ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆಮೇಲೆ ಹಗುರವಾಯಿತು. ಏಪ್ರಿಲ್ಲಿನ ಒಂದು ಬೆಳಿಗ್ಗೆ ಅಪ್ಪ ಮತ್ತೆ ನನ್ನ ಟ್ರಂಕು ಹೊತ್ತ. ಬಿಸಿಲಿಗೆ ಹಾಕಿ ಒಣಗಿಸಿದ ಶ್ಯಾವಿಗೆಯನ್ನು ಆಪಾ ಅರಿವೆಯಲ್ಲಿ ಕಟ್ಟಿಕೊಟ್ಟರು. ದೇವದುರ್ಗದ ಬಸ್ಸಿನಲ್ಲಿ ಅದು ಮುರಿಯದಂತೆ ತೊಡೆಯ ಮೇಲಿಟ್ಟುಕೊಂಡೇ ಹೋದೆ.

ದೇವದುರ್ಗದಲ್ಲಿ ನನಗೆ ನೆಲೆ ಸಿಕ್ಕಿತು. ಮುಂದೆ ಅಲ್ಲೇ ಮದುವೆಯಾಯಿತು, ಗಂಡನ ರೈಲ್ವೆ ನೌಕರಿಯ ಹಿಂದೆ ಊರೂರು ತಿರುಗಿ ಹೈದರಾಬಾದಿಗೆ ಬಂದೆ. ಆಪಾರ ಅಂಗಡಿ ಎಂಬತ್ತರ ದಶಕದ ಉದ್ದಕ್ಕೂ ನಡೆಯಿತು. ದೇವಸುಗೂರಿನ ಕಡೆ ವಿದ್ಯುತ್ತಿನ ಕಾರ್ಖಾನೆಯ ಕೆಲಸಕ್ಕೆ ಬಂದ ಪರವೂರ ಮಂದಿಯೂ ಹೆಸರು ಕೇಳಿಕೊಂಡು ಹುಡುಕಿ ಬರುತ್ತಿದ್ದರಂತೆ. ನಾನೂ ಎಷ್ಟೋ ಸಲ ಹೋದೆ. ಆದರೆ ಕಣ್ಣಿಗೆ ಕಟ್ಟಿರುವುದು ಮೊದಲ ಸಲ ತಿರುಗಿ ಹೋದದ್ದು.

ಅದು ಅದೇ ವರ್ಷದ ಶ್ರಾವಣ. ಜಿನುಗು ಮಳೆ. ಓಣಿಯ ಬಾಯಿಗೆ ಬಂದಾಗ ಬೆಂಚು ಎರಡಲ್ಲ, ಮೂರಾಗಿರುವುದು ಕಂಡಿತು. ಗಫೂರ್ ಸಾಬರು ಅಂಗಿಯ ತೋಳು ಮಡಚಿಕೊಂಡು ಒಲೆಯ ಪಕ್ಕ ಸಣ್ಣ ಮಣೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಚಮಚದಿಂದ ಕುಡಿಯುತ್ತಿದ್ದರು. ಆಪಾ ಎದುರಿಗೆ ಕುಳಿತು ಅವರ ಮುಖವನ್ನೇ ನೋಡುತ್ತಿದ್ದರು.

"ಉಪ್ಪು ಇನ್ನೊಂದು ಚಿಟಿಗಿ ಭಾಭಿ," ಎಂದು ಕಣ್ಣು ತೆರೆದವರು ನನ್ನನ್ನು ಕಂಡು, "ಬರ್ರಿ ಟೀಚರಮ್ಮ, ಬರ್ರಿ," ಎಂದು ತಾವು ಕುಳಿತ ಮಣೆಯನ್ನೇ ಬಿಟ್ಟುಕೊಟ್ಟರು.

ಆಪಾ ನನ್ನ ಎರಡೂ ಕೆನ್ನೆ ಸವರಿ ನೆಟಿಗೆ ತೆಗೆದು, ಬಟ್ಟಲು ತುಂಬಿಸಿ ಕೊಟ್ಟರು. ಮೂಗು ತಿರುಗಿ ಬಂತೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಶೋರ್ವಾ ಕುಡಿದೆ. ನಾನು ಊರಿನ ಅವ್ವನ ಕಡೆ ಎಳೆದುಕೊಂಡು ಹೋಗಿದ್ದ ರುಚಿ ಅದರಲ್ಲಿ ಎಳ್ಳಷ್ಟೂ ಉಳಿದಿರಲಿಲ್ಲ. ಮೊದಲು ಎಲುಬಿನ ಸವಿ, ಆಮೇಲೆ ಮೆಣಸು ಗಂಟಲಿಗಿಳಿದು ಅಲ್ಲೇ ಬೆಚ್ಚಗೆ ಕುಳಿತಿತು. ಮಳೆಯಲ್ಲಿ ನೆನೆದು ಬಂದವಳಿಗೆ ಕಿವಿಯ ತನಕ ಬಿಸಿಯಾಯಿತು.

"ಹ್ಯಾಂಗದ?" ಆಪಾ ಕೇಳಿದರು. "ಅವರು ಮಾಡ್ತಿದ್ದಂಗ ಅದ ಏನು?"

ನಾನು ಖಾಸೀಂ ಸಾಬರ ಕೈಯದನ್ನು ಕುಡಿದವಳಲ್ಲ. ಏನು ಹೇಳಲಿ ಎಂದು ಗಫೂರ್ ಸಾಬರ ಕಡೆ ನೋಡಿದೆ. ಅವರು ಡೇಗಿನ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಅತ್ತಿಗೆಯ ಕಡೆ ತಿರುಗಿದರು.

"ಹೌ ಭಾಭಿ. ಇವತ್ತು ಹಂಗ ಆಗ್ಯದ."

ಹೊರಗೆ ಮಂದಿ ಕಾಯುತ್ತಿದ್ದರು. ಆಪಾ ಅವಸರ ಮಾಡಲಿಲ್ಲ. ಗೂಡಿನಿಂದ ಇನ್ನೊಂದು ಬಟ್ಟಲು ತೆಗೆದು, ಶ್ಯಾವಿಗೆ ಹಾಕಿ, ಶೋರ್ವಾ ಸುರಿದುಕೊಂಡು ನನ್ನ ಪಕ್ಕದಲ್ಲಿ ಬಂದು ಕುಳಿತರು. ಎರಡೂ ಕೈಯಿಂದ ಬಟ್ಟಲು ಹಿಡಿದು ಊದಿ ಊದಿ ಕುಡಿದರು. ನಡುವೆ ಒಮ್ಮೆ, "ಬಿಸಿ ಒಂದು ಗೊತ್ತಾಗ್ತದ," ಅಂದರು, ಯಾರಿಗೂ ಹೇಳದವರಂತೆ. ಮತ್ತೆ ಬಟ್ಟಲು ಎತ್ತಿದವರು, ತಳದ ಎಳೆ ಬಾಯಿಗೆ ಬರುವವರೆಗೆ ಕೆಳಗಿಡಲಿಲ್ಲ.